ಸಂಬಳದಾಚೆಯ ಸವಲತ್ತು ದಕ್ಕಿಸಿಕೊಳ್ಳುವ ಬಗೆ: ಆಫರ್ ಲೆಟರ್‌ನಿಂದ ಕೊನೆಯ ದಿನದವರೆಗೆ

ಆಫರ್ ಲೆಟರ್ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಸಿಟಿಸಿ, ಅಂದರೆ ನೌಕರರೊಬ್ಬರ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಅಂಕಿಯ ಮೇಲೆ. ಆರು ಲಕ್ಷ ಎಂದು ಕಂಡರೆ ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 50,000 ಎಂದು ಮನೆಯಲ್ಲಿ ಹೇಳಿಯೂ ಆಗಿರುತ್ತದೆ. ಮೊದಲ ತಿಂಗಳು ಖಾತೆಗೆ ಬೀಳುವುದು ಮೂವತ್ತಾರು ಸಾವಿರ ಚಿಲ್ಲರೆ. ಉಳಿದದ್ದೇನೂ ಗಾಳಿಗೆ ಹೋಗಿಲ್ಲ. ಒಂದಿಷ್ಟು ಪಿಎಫ್‌ಗೆ (ಭವಿಷ್ಯ ನಿಧಿ), ಒಂದಿಷ್ಟು ಗ್ರಾಚ್ಯುಟಿ (ಸೇವೆಯ ಲೆಕ್ಕದಲ್ಲಿ ಬಿಡುವಾಗ ಕೊಡುವ ಇಡುಗಂಟು) ಲೆಕ್ಕಕ್ಕೆ, ಒಂದಿಷ್ಟು ವಿಮೆಗೆ ಹೋಗಿದೆ. ತೊಂದರೆ ಇರುವುದು ಬೇರೆ ಕಡೆ: ಇವೆಲ್ಲ ಇಂಥ ತಾರೀಖಿನೊಳಗೆ ಇಂಥ ಕಾಗದ ಸರಿ ಇದ್ದರೆ ಮಾತ್ರ ಕೈಗೆ ಬರುವ ಹಣ. ನೌಕರರು ಸವಲತ್ತು ಕಳೆದುಕೊಳ್ಳುವುದು ಬಹುಪಾಲು ಕಂಪನಿಯ ಜಿಪುಣತನದಿಂದಲ್ಲ, ತಪ್ಪಿದ ತಾರೀಖು ಮತ್ತು ಹೊಂದದ ಹೆಸರಿನಿಂದ. ಹಾಗಾಗಿ ಇಲ್ಲಿ ಕೆಲಸಕ್ಕೆ ಸೇರುವ ಮುಂಚಿನಿಂದ ಬಿಡುವ ದಿನದವರೆಗೆ ಯಾವಾಗ ಏನು ನೋಡಬೇಕು ಎಂಬ ಕ್ರಮದಲ್ಲೇ ಹೇಳಲಾಗಿದೆ.

ಹಂತ 1: ಸಹಿ ಹಾಕುವ ಮುಂಚೆ ಸಿಟಿಸಿ ಬಿಡಿಸಿ ನೋಡಿ

ಆಫರ್ ಲೆಟರ್‌ನ ಕೊನೆಯಲ್ಲಿ ಅನುಬಂಧ ಎಂದು ಒಂದು ಕೋಷ್ಟಕ ಇರುತ್ತದೆ. ಇಲ್ಲದಿದ್ದರೆ ಕೇಳಿ ಪಡೆಯಿರಿ, ಅದಿಲ್ಲದೆ ಸಹಿ ಬೇಡ. ಆರು ಲಕ್ಷದ ಉದಾಹರಣೆಯನ್ನೇ ಬಿಡಿಸೋಣ. ಬೇಸಿಕ್ (ಮೂಲ ವೇತನ) ಅರ್ಧ, ಅಂದರೆ ವರ್ಷಕ್ಕೆ 3,00,000, ತಿಂಗಳಿಗೆ 25,000. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇ 12, ವರ್ಷಕ್ಕೆ 36,000. ಗ್ರಾಚ್ಯುಟಿ ಎಂದು ಬೇಸಿಕ್‌ನ ಶೇ 4.81, ಅಂದರೆ 14,430. ಗುಂಪು ವಿಮೆಯ ಪ್ರೀಮಿಯಂ 12,000 ಎಂದಿಟ್ಟುಕೊಳ್ಳಿ. ವೇರಿಯಬಲ್ ಪೇ (ಪ್ರತಿ ತಿಂಗಳು ಬಾರದೆ, ಸಾಧನೆ ನೋಡಿ ಆಮೇಲೆ ಕೊಡುವ ಭಾಗ) ಶೇ 10, ಅಂದರೆ 60,000. ಇವಿಷ್ಟನ್ನೂ ಕಳೆದರೆ ಉಳಿಯುವುದು 4,77,570, ತಿಂಗಳಿಗೆ 39,797. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000 ಮತ್ತು ವೃತ್ತಿ ತೆರಿಗೆ 200 ಹೋದರೆ ಕೈಗೆ 36,597. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ವೃತ್ತಿ ತೆರಿಗೆ 200. 2025ರ ಏಪ್ರಿಲ್‌ನಲ್ಲಿ ಬಂದ ಬದಲಾವಣೆಯಂತೆ ಪ್ರತಿ ವರ್ಷ ಫೆಬ್ರವರಿ ತಿಂಗಳಲ್ಲಿ ಮಾತ್ರ 300 ಕಡಿತವಾಗುತ್ತದೆ, ಆ ತಿಂಗಳು ನೂರು ರೂಪಾಯಿ ಕಮ್ಮಿ ಬಂತೆಂದು ಗಾಬರಿ ಬೇಡ.

ಈ ಕೋಷ್ಟಕದಲ್ಲಿ ಮೂರು ಪ್ರಶ್ನೆ ಕೇಳಿ. ಪಿಎಫ್ ಪೂರ್ತಿ ಬೇಸಿಕ್ ಮೇಲೋ, ಕಾನೂನಿನ ಮಿತಿಯಾದ 15,000ದ ಮೇಲೋ? ಮಿತಿಯ ಮೇಲಾದರೆ ತಿಂಗಳಿಗೆ 1,800 ಮಾತ್ರ. ವೇರಿಯಬಲ್ ಯಾವಾಗ ಕೊಡುತ್ತಾರೆ, ಕೊಡುವ ದಿನ ಕೆಲಸದಲ್ಲಿ ಇರಲೇಬೇಕೆ? ಮಾರ್ಚ್‌ವರೆಗೆ ದುಡಿದು ಮೇನಲ್ಲಿ ರಾಜೀನಾಮೆ ಕೊಟ್ಟು, ಜೂನ್‌ನಲ್ಲಿ ಬರಬೇಕಾದ್ದನ್ನು ಕಳೆದುಕೊಂಡವರು ಪ್ರತಿ ವರ್ಷವೂ ಸಿಗುತ್ತಾರೆ. ಮೂರನೆಯದು, ವಿಮೆಯ ಪ್ರೀಮಿಯಂ ಸಿಟಿಸಿ ಒಳಗಿದೆಯೋ ಹೊರಗಿದೆಯೋ? ಎರಡು ಆಫರ್ ಹೋಲಿಸುವಾಗ ಸಿಟಿಸಿ ಪಕ್ಕಕ್ಕಿಟ್ಟು, ಕೈಗೆ ಬರುವುದು ಎಷ್ಟು, ಪಿಎಫ್‌ಗೆ ಎರಡೂ ಕಡೆಯಿಂದ ಬೀಳುವುದು ಎಷ್ಟು, ಅಪ್ಪ ಅಮ್ಮನಿಗೆ ವಿಮೆ ಇದೆಯೇ ಎಂಬಿಷ್ಟನ್ನು ಎದುರುಬದುರು ಬರೆದುಕೊಂಡರೆ ಸಾಕು.

ಬೇಸಿಕ್ ತೀರಾ ಕಡಿಮೆ ಇಟ್ಟು ಉಳಿದದ್ದನ್ನೆಲ್ಲ ಭತ್ಯೆ ಎಂದು ತೋರಿಸುವುದು ಹಳೆಯ ಚಾಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಗ್ರಾಚ್ಯುಟಿಗೆ ಇದರಿಂದ ಲಾಭ. ಪಿಎಫ್ ಅನ್ನು 15,000ದ ಮಿತಿಗೇ ಕಟ್ಟುತ್ತಿರುವವರ ಕೈಸಂಬಳ ಇದೊಂದೇ ಕಾರಣಕ್ಕೆ ಇಳಿಯುವುದಿಲ್ಲ. ಇಳಿಸಿದ್ದರೆ ಕಾರಣ ಕೇಳಿ.

ಹಂತ 2: ಮೊದಲ ಮೂವತ್ತು ದಿನ

ಸೇರಿದ ಹೊಸದರಲ್ಲಿ ಎಚ್‌ಆರ್ ಕಳಿಸುವ ಲಿಂಕ್‌ಗಳನ್ನೆಲ್ಲ ಆಮೇಲೆ ನೋಡೋಣ ಎಂದು ಬಿಡುವುದೇ ಮುಂದಿನ ಅರ್ಧ ತಾಪತ್ರಯಕ್ಕೆ ಮೂಲ.

ಮೊದಲನೆಯದು ಹೆಸರು. ನಮ್ಮ ಕಡೆಯ ಇನಿಷಿಯಲ್ ಪದ್ಧತಿಗೂ ಪಿಎಫ್ ಸಾಫ್ಟ್‌ವೇರ್‌ಗೂ ಆಗಿಬರುವುದಿಲ್ಲ. ಆಧಾರ್‌ನಲ್ಲಿ ‘ಮಂಜುನಾಥ ಎಚ್ ಎನ್’, ಪ್ಯಾನ್‌ನಲ್ಲಿ ‘ಹೊಸಹಳ್ಳಿ ನಂಜಪ್ಪ ಮಂಜುನಾಥ’, ಬ್ಯಾಂಕಿನಲ್ಲಿ ‘ಎಚ್.ಎನ್. ಮಂಜುನಾಥ್’ ಎಂದಿದ್ದರೆ ಮನುಷ್ಯನಿಗೆ ಮೂವರೂ ಒಬ್ಬನೇ, ಯಂತ್ರಕ್ಕೆ ಮೂವರು. ಕೆಲಸ ಬಿಟ್ಟು ಹಣ ಕೇಳುವ ಹೊತ್ತಿಗೆ ಅರ್ಜಿ ವಾಪಸ್ ಬರುತ್ತದೆ. ಆದ್ದರಿಂದ ಆಧಾರ್‌ನಲ್ಲಿರುವ ಹೆಸರನ್ನೇ ಮೂಲವಾಗಿಟ್ಟುಕೊಂಡು ಪ್ಯಾನ್ ಮತ್ತು ಬ್ಯಾಂಕಿನ ಹೆಸರನ್ನು ಅದಕ್ಕೆ ಹೊಂದಿಸಿ. ಹುಟ್ಟಿದ ದಿನಾಂಕ, ತಂದೆಯ ಹೆಸರನ್ನೂ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಂಬ ಜನ್ಮದಿನ ಒಂದು ದಾಖಲೆಯಲ್ಲಿ, ನಿಜವಾದದ್ದು ಇನ್ನೊಂದರಲ್ಲಿ ಇರುವವರು ಕಡಿಮೆಯೇನಿಲ್ಲ.

ಎರಡನೆಯದು ಯುಎಎನ್. ಪಿಎಫ್‌ನ ಈ 12 ಅಂಕಿಯ ಸಂಖ್ಯೆ ಜೀವನಕ್ಕೆ ಒಂದೇ. ಹಿಂದಿನ ಕೆಲಸದಲ್ಲಿ ಒಂದಿದ್ದರೆ ಹೊಸ ಕಂಪನಿಗೆ ಅದನ್ನೇ ಕೊಡಿ. ‘ನೆನಪಿಲ್ಲ, ಹೊಸದು ಮಾಡಿ’ ಎಂದರೆ ಎರಡು ಸಂಖ್ಯೆಯಾಗಿ, ಹಳೆಯದನ್ನು ಹೊಸದಕ್ಕೆ ವರ್ಗಾಯಿಸುವ ಓಡಾಟ ಶುರು. ಮೊದಲ ಕೆಲಸದವರು ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ತಾವೇ ಯುಎಎನ್ ಪಡೆಯಬಹುದು.

ಮೂರನೆಯದು ನಾಮಿನೇಷನ್. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ತುಂಬಿ, ಆಧಾರ್ ಒಟಿಪಿಯಿಂದ ಇ-ಸೈನ್ ಮಾಡುವವರೆಗೆ ಅದು ಪೂರ್ತಿಯಾಗುವುದಿಲ್ಲ. ಸೇವ್ ಒತ್ತಿ ಎದ್ದುಹೋಗುವವರೇ ಹೆಚ್ಚು. ಮದುವೆಗೆ ಮುಂಚೆ ತಾಯಿಯ ಹೆಸರಿಗೆ ಮಾಡಿದ ನಾಮಿನೇಷನ್ ಮದುವೆಯಾದ ಕೂಡಲೇ ಅಸಿಂಧು, ಹೊಸದಾಗಿ ಮಾಡಲೇಬೇಕು. ಗ್ರಾಚ್ಯುಟಿಗೆ, ಗುಂಪು ಜೀವವಿಮೆಗೆ, ಸಂಬಳದ ಖಾತೆಗೆ ಬೇರೆ ಬೇರೆ ನಾಮಿನೇಷನ್ ಇರುತ್ತವೆ. ಒಂದು ಮಾಡಿದರೆ ಉಳಿದವೂ ಆದಂತಲ್ಲ.

ಇದಕ್ಕೆ ಇಷ್ಟು ಒತ್ತು ಯಾಕೆಂದರೆ, ಪಿಎಫ್ ಸದಸ್ಯರಿಗೆಲ್ಲ ಇಡಿಎಲ್ಐ ಎಂಬ ಜೀವವಿಮೆ ತಾನಾಗಿಯೇ ಇರುತ್ತದೆ. ಇದಕ್ಕೆ ನೌಕರರ ಸಂಬಳದಿಂದ ಒಂದು ರೂಪಾಯಿಯೂ ಕಡಿತವಿಲ್ಲ, ಕಂಪನಿಯೇ ಶೇ 0.5 ಕಟ್ಟುತ್ತದೆ. ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಹೆಂಡತಿ ಮಕ್ಕಳಿಗೆ ಇದು ಇದೆಯೆಂದೇ ಗೊತ್ತಿರುವುದಿಲ್ಲ. ಯುಎಎನ್ ಮತ್ತು ವಿಮೆಯ ಕಾರ್ಡ್ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿ ಇಡಿ, ಫೋನಿನಲ್ಲಿ ಮಾತ್ರ ಇದ್ದರೆ ಫೋನಿನ ಲಾಕ್ ತೆಗೆಯುವವರು ಯಾರು?

ನಾಲ್ಕನೆಯದು ಗುಂಪು ವಿಮೆಗೆ ಮನೆಯವರ ಹೆಸರು ಸೇರಿಸುವುದು. ಅದಕ್ಕೆ ಕಿಟಕಿ ತೆರೆದಿರುವುದು ಸಾಮಾನ್ಯವಾಗಿ ಸೇರಿದ 30 ದಿನ. ಮದುವೆಯಾದರೆ, ಮಗು ಹುಟ್ಟಿದರೆ ಆ ದಿನದಿಂದ ಮತ್ತೆ ಸುಮಾರು 30 ದಿನ. ಅದು ಮುಚ್ಚಿದರೆ ಮುಂದಿನ ವರ್ಷದ ನವೀಕರಣದವರೆಗೆ ಕಾಯಬೇಕು. ಮಗುವಿಗೆ ಹೆಸರಿಡುವವರೆಗೆ ಕಾಯಬೇಡಿ, ‘ಇಂಥವರ ಮಗು’ ಎಂದೇ ಸೇರಿಸಿಕೊಳ್ಳುತ್ತಾರೆ.

ಪಿಎಫ್: ತಿಂಗಳಿಗೊಮ್ಮೆ ಪಾಸ್‌ಬುಕ್

ಪೇ ಸ್ಲಿಪ್‌ನಲ್ಲಿ ಕಡಿತವಾಗಿದೆ ಎಂದ ಮಾತ್ರಕ್ಕೆ ಹಣ ಕಟ್ಟಿದ್ದಾರೆ ಎಂದು ಅರ್ಥವಲ್ಲ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಂಪನಿ ಕಟ್ಟಬೇಕು. ಹಾಗಾಗಿ 20ನೇ ತಾರೀಖಿನ ಸುಮಾರಿಗೆ ಪಾಸ್‌ಬುಕ್ ತೆರೆಯುವ ಅಭ್ಯಾಸ ಇಟ್ಟುಕೊಳ್ಳಿ. ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಕೊನೆಯ ಜಮೆ ಮತ್ತು ಬಾಕಿ ಎಸ್‌ಎಂಎಸ್‌ನಲ್ಲಿ ಬರುತ್ತದೆ.

ಪಾಸ್‌ಬುಕ್‌ನಲ್ಲಿ ಮೂರು ಕಾಲಂ ಇರುತ್ತವೆ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ. ಬೇಸಿಕ್ 25,000 ಇದ್ದು ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಲ್ಲಿ, ಹಿಂದಿನಿಂದ ಪಿಂಚಣಿ ಯೋಜನೆಯಲ್ಲಿ ಇರುವವರಿಗೆ ಕ್ರಮವಾಗಿ 3,000, 1,750, 1,250 ಎಂದು ಕಾಣಬೇಕು. 15,000ದ ಶೇ 8.33, ಅಂದರೆ 1,250 ಪಿಂಚಣಿಗೆ ಹೋಗಿ ಮಿಕ್ಕದ್ದು ಮಾಲೀಕರ ಪಾಲಿನ ಕಾಲಂಗೆ ಬೀಳುತ್ತದೆ. ಆದರೆ 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿ ಪಿಎಫ್‌ಗೆ ಸೇರಿದವರ ಬೇಸಿಕ್ ಆಗಲೇ 15,000 ದಾಟಿದ್ದರೆ ಅವರಿಗೆ ಪಿಂಚಣಿ ಯೋಜನೆ ಇಲ್ಲ. ಅವರ ಪಾಸ್‌ಬುಕ್‌ನಲ್ಲಿ 3,000, 3,000, ಸೊನ್ನೆ ಎಂದಿರಬೇಕು. ಇಲ್ಲಿ 1,250 ಕಂಡರೆ ಕಂಪನಿಯ ಲೆಕ್ಕಪತ್ರದವರು ತಪ್ಪಾಗಿ ತುಂಬಿದ್ದಾರೆ. ಆರು ತಿಂಗಳಲ್ಲಿ ಹಿಡಿದರೆ ಸಲೀಸಾಗಿ ಸರಿಯಾಗುವ ತಪ್ಪು ಎಂಟು ವರ್ಷ ಬಿಟ್ಟರೆ ದೊಡ್ಡ ಗಂಟು.

ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ಬಿಡಿಸಿಕೊಳ್ಳುವುದು ಪೀಣ್ಯ, ಬೊಮ್ಮಸಂದ್ರದಂಥ ಕಡೆ ರೂಢಿ. ಕಷ್ಟಕ್ಕೆ ಬೇಕಾದಾಗ ಅದು ಕಾರ್ಮಿಕರ ದುಡ್ಡೇ, ಯಾರೂ ಆಕ್ಷೇಪಿಸುವಂತಿಲ್ಲ. ಪಿಎಫ್ ತೆಗೆಯಲು ಕೇಂದ್ರ ನಿರ್ಬಂಧ ಹೇರಿದ್ದನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದು ಆ ಅಧಿಸೂಚನೆಯನ್ನೇ ವಾಪಸ್ ತೆಗೆಸಿದ್ದರು. ಆದರೂ ಅವಸರವಿಲ್ಲದಿದ್ದರೆ ವರ್ಗಾವಣೆಯೇ ಮೇಲು, ಎರಡು ಕಾರಣಕ್ಕೆ. ಸೇವೆ ಐದು ವರ್ಷ ತುಂಬುವ ಮುಂಚೆ 50,000 ಅಥವಾ ಹೆಚ್ಚು ತೆಗೆದರೆ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿತವಾಗುತ್ತದೆ, ಪ್ಯಾನ್ ಕೊಟ್ಟಿದ್ದರೆ ಶೇ 10. ಮತ್ತು ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಪಿಂಚಣಿಯ ಹಣ ತೆಗೆದ ದಿನ ಆವರೆಗಿನ ಸೇವೆ ಸೊನ್ನೆಯಾಗುತ್ತದೆ. ಲೆಕ್ಕ ಹೀಗೆ: ಪಿಂಚಣಿ ವೇತನ ಗುಣಿಸು ಸೇವಾ ವರ್ಷ, ಭಾಗಿಸು 70. ವೇತನ 15,000, ಸೇವೆ 15 ವರ್ಷವಾದರೆ ತಿಂಗಳಿಗೆ 3,214. ದೊಡ್ಡ ಮೊತ್ತವಲ್ಲ ನಿಜ, ಆದರೆ 58ರ ನಂತರ ಬದುಕಿರುವವರೆಗೂ, ಅದಾದ ಮೇಲೆ ಒಂದು ಪಾಲು ಸಂಗಾತಿಗೂ ಬರುತ್ತದೆ.

ಹಣ ಜಮೆಯಾಗದಿದ್ದರೆ ಮೊದಲು ಎಚ್‌ಆರ್‌ಗೆ ಇಮೇಲ್, ಬಾಯಿಮಾತು ಬೇಡ. ಉತ್ತರ ಬಾರದಿದ್ದರೆ ಪಿಎಫ್ ಸಂಸ್ಥೆಯ ದೂರು ಪೋರ್ಟಲ್‌ಗೆ ಪೇ ಸ್ಲಿಪ್ ಮತ್ತು ಪಾಸ್‌ಬುಕ್ ಎರಡನ್ನೂ ಲಗತ್ತಿಸಿ ದೂರು ಕೊಡಿ. ಎದುರು ಕೂತು ಹೇಳಬೇಕೆಂದರೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ.

ಸಂಬಳ 21,000ದ ಒಳಗಿದ್ದರೆ ಇಎಸ್‌ಐ

ಹತ್ತು ಅಥವಾ ಹೆಚ್ಚು ಜನರಿರುವ ಕಡೆ ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ (ಅಂಗವಿಕಲರಿಗೆ 25,000) ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಉಂಟು. ನೌಕರರ ಪಾಲು ಶೇ 0.75, ಮಾಲೀಕರದು ಶೇ 3.25. 18,000 ಸಂಬಳಕ್ಕೆ ಕಡಿತ ತಿಂಗಳಿಗೆ 135 ರೂಪಾಯಿ. ಅದಕ್ಕೆ ಇಡೀ ಮನೆಗೆ ಚಿಕಿತ್ಸೆ, ಮೇಲ್ಮಿತಿ ಎಂಬ ಮಾತಿಲ್ಲ. ಸರದಿ ಉದ್ದ ಎಂದು ಮೂಗು ಮುರಿಯುವವರು ಖಾಸಗಿ ವಿಮೆಯಲ್ಲಿ ಈ ದರಕ್ಕೆ ಏನು ಸಿಗುತ್ತದೆ ಎಂದು ಒಮ್ಮೆ ನೋಡಲಿ.

ಚಿಕಿತ್ಸೆಗಿಂತ ಹೆಚ್ಚಾಗಿ ಜನ ಬಿಟ್ಟುಕೊಡುವುದು ನಗದು ಸೌಲಭ್ಯ. ಕಾಯಿಲೆಯಿಂದ ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70 ಇಎಸ್‌ಐನಿಂದಲೇ ಬರುತ್ತದೆ. ಷರತ್ತು ಎರಡು: ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು, ಮತ್ತು ರಜೆಯ ಸರ್ಟಿಫಿಕೇಟ್ ಇಎಸ್‌ಐ ವೈದ್ಯರದಾಗಿರಬೇಕು. ಬೀದಿಯ ಕ್ಲಿನಿಕ್‌ನ ಚೀಟಿ ಹಿಡಿದು ಹೋದರೆ ಕೆಲಸವಾಗುವುದಿಲ್ಲ.

ಅವಧಿಗಳ ಲೆಕ್ಕ ತಿಳಿದಿರಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್. ಜೂನ್‌ನಲ್ಲಿ ಸಂಬಳ 22,000ಕ್ಕೆ ಏರಿದರೂ ಸೆಪ್ಟೆಂಬರ್ ಮುಗಿಯುವವರೆಗೆ ಕಡಿತ ನಿಲ್ಲಿಸುವಂತಿಲ್ಲ. ಸೌಲಭ್ಯವೂ ಮರುವರ್ಷದ ಜೂನ್‌ವರೆಗೆ ಉಳಿಯುತ್ತದೆ. ಸಂಬಳ ಏರಿತೆಂದು ಕಾರ್ಡ್ ಎಸೆಯಬೇಡಿ. ಓವರ್‌ಟೈಮ್ ಸೇರಿ 21,000 ದಾಟಿದರೆ ಇಎಸ್‌ಐನಿಂದ ಹೊರಗೆ ಹಾಕುವ ಕಂಪನಿಗಳಿವೆ, ಅದು ತಪ್ಪು. ಓವರ್‌ಟೈಮ್ ಮೇಲೆ ವಂತಿಗೆ ಉಂಟು, ಅರ್ಹತೆಯ ಮಿತಿಗೆ ಅದನ್ನು ಲೆಕ್ಕ ಹಿಡಿಯುವುದಿಲ್ಲ.

ಗುಂಪು ಆರೋಗ್ಯ ವಿಮೆ: ರೂಮು ಹಿಡಿಯುವ ಮುನ್ನ

ಕಂಪನಿ ಕೊಡುವ ವಿಮೆಯ ದೊಡ್ಡ ಗುಣ, ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೂ ಹೆಚ್ಚಿನ ಪಾಲಿಸಿಗಳಲ್ಲಿ ಮೊದಲ ದಿನದಿಂದಲೇ ರಕ್ಷಣೆ. ಆದರೆ ಕಾರ್ಡ್ ಮೇಲಿನ 5 ಲಕ್ಷ ನೋಡಿ ನಿಶ್ಚಿಂತರಾಗುವವರು ಪಾಲಿಸಿಯ ಒಳಗಿನ ಮೂರು ಸಾಲು ಓದಿರುವುದಿಲ್ಲ: ರೂಮು ಬಾಡಿಗೆಯ ಮಿತಿ, ಸಹಪಾವತಿ (ಬಿಲ್‌ನಲ್ಲಿ ನೀವೇ ಕಟ್ಟಬೇಕಾದ ಪಾಲು), ಹೆರಿಗೆಯಂಥ ಬಾಬುಗಳಿಗೆ ಇರುವ ಉಪಮಿತಿ.

ರೂಮು ಬಾಡಿಗೆಯದ್ದೇ ದೊಡ್ಡ ಕಂದಕ. ವಿಮಾ ಮೊತ್ತದ ಶೇ 1 ಎಂದಿದ್ದರೆ 5 ಲಕ್ಷಕ್ಕೆ ದಿನಕ್ಕೆ 5,000. ಆಸ್ಪತ್ರೆಯ ಕೌಂಟರ್‌ನಲ್ಲಿ 8,000ದ ರೂಮು ಖಾಲಿ ಇದೆ ಎನ್ನುತ್ತಾರೆ, ಮೂರು ಸಾವಿರ ನಾವೇ ಹಾಕಿಕೊಂಡರಾಯಿತು ಎಂದು ಮನೆಯವರು ಒಪ್ಪುತ್ತಾರೆ. ನಾಲ್ಕು ದಿನದ ಬಿಲ್ ಎರಡು ಲಕ್ಷ ಎನ್ನಿ: ರೂಮು 32,000, ವೈದ್ಯರು, ಆಪರೇಷನ್ ಥಿಯೇಟರ್, ಶುಶ್ರೂಷೆ ಸೇರಿ 1,20,000, ಔಷಧಿ ಮತ್ತು ಪರೀಕ್ಷೆಗಳು 48,000. ಅರ್ಹತೆ 8,000ಕ್ಕೆ 5,000, ಅಂದರೆ ಶೇ 62.5. ವಿಮೆಯವರು ರೂಮಿಗೆ 20,000 ಕೊಡುತ್ತಾರೆ. ವೈದ್ಯರು, ಥಿಯೇಟರ್ ಖರ್ಚಿಗೂ ಅದೇ ಅನುಪಾತ ಹಾಕಿ 75,000 ಕೊಡುತ್ತಾರೆ, ಏಕೆಂದರೆ ದುಬಾರಿ ರೂಮಿಗೆ ಆಸ್ಪತ್ರೆ ಈ ದರಗಳನ್ನೂ ಏರಿಸಿರುತ್ತದೆ. ಔಷಧಿ, ಪರೀಕ್ಷೆಗೆ ಮಾತ್ರ ಅನುಪಾತ ಹಾಕುವಂತಿಲ್ಲ, 48,000 ಪೂರ್ತಿ. ಒಟ್ಟು ಸಿಕ್ಕಿದ್ದು 1,43,000. ಕೈಯಿಂದ ಕಟ್ಟಬೇಕಾದ್ದು 57,000. ಹನ್ನೆರಡು ಸಾವಿರದ ವ್ಯತ್ಯಾಸ ಎಂದುಕೊಂಡ ರೂಮಿನ ಬೆಲೆ ಇದು. ಆದ್ದರಿಂದ ದಾಖಲಾಗುವ ಮೇಜಿನ ಎದುರೇ ‘ನನ್ನ ಪಾಲಿಸಿಗೆ ದಿನಕ್ಕೆ ಎಷ್ಟರ ರೂಮು’ ಎಂದು ಟಿಪಿಎ (ವಿಮೆಯವರ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಡೆಸ್ಕ್‌ನವರನ್ನು ಕೇಳಿ. ಅರ್ಹತೆಯ ರೂಮು ಖಾಲಿ ಇಲ್ಲವೆಂದು ಅವರೇ ಮೇಲಿನದು ಕೊಟ್ಟರೆ ಅದನ್ನು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ವಿಮೆಯವರ ಜತೆ ವಾದಿಸಲು ಒಂದು ಕಾಗದವಾದರೂ ಕೈಯಲ್ಲಿರುತ್ತದೆ.

ಮೊದಲೇ ಗೊತ್ತಿರುವ ಆಪರೇಷನ್ ಆದರೆ ಎರಡು ದಿನ ಮುಂಚೆ, ತುರ್ತಾದರೆ ದಾಖಲಾದ 24 ಗಂಟೆಯೊಳಗೆ ಟಿಪಿಎಗೆ ತಿಳಿಸಬೇಕು ಎಂಬುದು ಸಾಮಾನ್ಯ ಷರತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್‌ನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರ ಬರಬೇಕು. ಮೂರು ಗಂಟೆ ಮೀರಿದ್ದರಿಂದ ಬಿಲ್ ಏರಿದರೆ ಏರಿದ ಭಾಗ ವಿಮೆಯವರದು. ಸಂಜೆವರೆಗೆ ಕೂರಿಸಿ ಇನ್ನೊಂದು ದಿನದ ಬಾಡಿಗೆ ಹಾಕಿದರೆ ಈ ಮಾತು ಎತ್ತಿ.

ಕ್ಯಾಶ್‌ಲೆಸ್ ಆಗದಿದ್ದರೆ ಮರುಪಾವತಿ. ಡಿಸ್ಚಾರ್ಜ್ ಸಮ್ಮರಿ, ಬಾಬುವಾರು ಬಿಲ್, ಹಣ ಕಟ್ಟಿದ ರಸೀದಿ, ಪ್ರತಿ ಔಷಧಿ ಬಿಲ್‌ಗೂ ಅದರ ಚೀಟಿ, ಪ್ರತಿ ಪರೀಕ್ಷೆಗೂ ಅದರ ವರದಿ, ಇವೆಲ್ಲದರ ಮೂಲ ಪ್ರತಿ ಬೇಕು. ಕೊಡುವ ಮುಂಚೆ ಒಂದೊಂದನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೂ ಬೇರೆ ಕಂಪನಿಯ ವಿಮೆ ಇದ್ದು ಒಂದರಲ್ಲಿ ಪೂರ್ತಿ ಬರದಿದ್ದರೆ, ಮೊದಲ ಟಿಪಿಎಯಿಂದ ಸೆಟಲ್‌ಮೆಂಟ್ ಪತ್ರ ಮತ್ತು ದೃಢೀಕರಿಸಿದ ಬಿಲ್ ಪ್ರತಿ ಪಡೆದು ಉಳಿದದ್ದನ್ನು ಇನ್ನೊಂದರಲ್ಲಿ ಕೇಳಬಹುದು. ಹೆರಿಗೆಯ ಉಪಮಿತಿ ಕಡಿಮೆ ಇರುವಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ, ಮಾಡುವವರು ಕಡಿಮೆ.

ಕಂಪನಿಯ ವಿಮೆ ಇದೆಯೆಂದು ಸ್ವಂತ ಪಾಲಿಸಿ ಮಾಡದೇ ಇರುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೆಲಸ ಹೋದ ದಿನವೇ ಆ ವಿಮೆಯೂ ಹೋಗುತ್ತದೆ. ಆಗ ಹೊಸದು ಕೊಂಡರೆ ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಮೂವತ್ತರ ಆಸುಪಾಸಿನಲ್ಲಿ ಸಣ್ಣದೊಂದು ಸ್ವಂತ ಪಾಲಿಸಿ ಶುರು ಮಾಡಿದರೆ ಆ ಕಾಯುವಿಕೆ ಆರೋಗ್ಯ ಇರುವಾಗಲೇ ಮುಗಿದಿರುತ್ತದೆ.

ಗ್ರಾಚ್ಯುಟಿ

ಸೂತ್ರ ಸರಳ: ಕೊನೆಯ ತಿಂಗಳ ವೇತನ ಗುಣಿಸು 15, ಭಾಗಿಸು 26, ಗುಣಿಸು ಸೇವಾ ವರ್ಷ. ಆರು ತಿಂಗಳು ಮೀರಿದರೆ ಪೂರ್ತಿ ವರ್ಷ. ವೇತನ 40,000, ಸೇವೆ 7 ವರ್ಷ 8 ತಿಂಗಳು ಎಂದರೆ 8 ವರ್ಷಕ್ಕೆ 1,84,615 ರೂಪಾಯಿ. ಕಾನೂನಿನ ಮಿತಿ 20 ಲಕ್ಷ, ಅಷ್ಟಕ್ಕೆ ತೆರಿಗೆಯೂ ಇಲ್ಲ.

ಐದು ವರ್ಷ ಸತತ ಸೇವೆ ಬೇಕು. ನಾಲ್ಕು ವರ್ಷ 240 ದಿನ ಸಾಕು ಎಂದು ಮದ್ರಾಸ್ ಹೈಕೋರ್ಟ್ ತೀರ್ಪು ಇದೆ, ಎಷ್ಟೋ ಕಂಪನಿಗಳು ಅದನ್ನು ಒಪ್ಪುವುದೂ ಉಂಟು, ಆದರೆ ಎಲ್ಲರೂ ಒಪ್ಪುತ್ತಾರೆಂದು ನಂಬಿ ರಾಜೀನಾಮೆ ಕೊಡಬೇಡಿ. ಒಂದೆರಡು ತಿಂಗಳ ಮಾತಾದರೆ ಐದು ತುಂಬಿಸಿಯೇ ಹೊರಡಿ. ನೌಕರರು ತೀರಿಕೊಂಡರೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ನಿಗದಿತ ಅವಧಿಯ ಗುತ್ತಿಗೆಗೆ ನೇರವಾಗಿ ಸೇರಿದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಗ್ರಾಚ್ಯುಟಿ ಉಂಟು. ಕಂಪನಿ ಮುಚ್ಚಿಹೋದರೆ ಗತಿಯೇನು ಎಂಬ ಭಯಕ್ಕೆ ಕರ್ನಾಟಕದಲ್ಲಿ ಒಂದು ಉತ್ತರವಿದೆ: 2024ರ ಜನವರಿಯಲ್ಲಿ ಜಾರಿಯಾದ ನಿಯಮಗಳು ಮಾಲೀಕರು ಗ್ರಾಚ್ಯುಟಿಗೆ ವಿಮೆ ಮಾಡಿಸುವುದನ್ನು ಕಡ್ಡಾಯ ಮಾಡಿದವು. ನಿಮ್ಮ ಕಂಪನಿ ಮಾಡಿಸಿದೆಯೇ ಎಂದು ಒಂದು ಇಮೇಲ್ ಹಾಕಿ ನೋಡಿ.

ಕೊಡಬೇಕಾದ ಗಡುವು 30 ದಿನ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಸಹಾಯಕ ಆಯುಕ್ತರ ಕಚೇರಿಗೆ ಹೋಗಬೇಕು. ವಕೀಲರಿಲ್ಲದೆಯೂ ಅರ್ಜಿ ಹಾಕಬಹುದು.

ರಜೆ, ಹೆರಿಗೆ ಮತ್ತು ಮಿಕ್ಕವು

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ರಾಜ್ಯ ಕಾಯ್ದೆಯಡಿ 20 ದಿನ ಕೆಲಸಕ್ಕೆ ಒಂದು ಗಳಿಕೆ ರಜೆ, ವರ್ಷಕ್ಕೆ 12 ಕಾಯಿಲೆ ರಜೆ. ಗಳಿಕೆ ರಜೆಯನ್ನು 45 ದಿನದವರೆಗೆ ಕೂಡಿಡಬಹುದು. ಡಿಸೆಂಬರ್ 31ಕ್ಕೆ ಎಲ್ಲ ರದ್ದು ಎಂಬ ಇಮೇಲ್ ಬಂದರೆ ರದ್ದಾಗುತ್ತಿರುವುದು ಯಾವ ರಜೆ ಎಂದು ನೋಡಿ. ಕಂಪನಿ ತಾನಾಗಿ ಕೊಟ್ಟ ಹೆಚ್ಚುವರಿ ರಜೆ ರದ್ದು ಮಾಡಬಹುದು, ಕಾಯ್ದೆಯದ್ದನ್ನು ಮಾಡುವಂತಿಲ್ಲ. ನವೆಂಬರ್ 1 ರಾಜ್ಯೋತ್ಸವ ಕಡ್ಡಾಯ ರಜೆಗಳಲ್ಲಿ ಒಂದು. ಆ ದಿನ ದುಡಿಸಿದರೆ ಬದಲಿ ರಜೆಯನ್ನೋ ಹೆಚ್ಚುವರಿ ಸಂಬಳವನ್ನೋ ಕೇಳಿ.

ಹೆರಿಗೆಗೆ 26 ವಾರ ಪೂರ್ತಿ ಸಂಬಳದ ರಜೆ, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಪ್ರೊಬೇಷನ್‌ನಲ್ಲಿದ್ದೀರಿ ಎಂಬುದು ನೆಪವಾಗುವಂತಿಲ್ಲ. 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ರಜೆಯ ಸೂಚನೆಯನ್ನು ತಾರೀಖು ಹಾಕಿ ಬರಹದಲ್ಲಿ ಕೊಡಿ, ಆ ಒಂದು ಕಾಗದ ಮುಂದೆ ಕೆಲಸದಿಂದ ತೆಗೆಯುವ ಪ್ರಯತ್ನ ನಡೆದರೆ ಬಲವಾದ ಆಧಾರ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಋತುಚಕ್ರ ರಜೆ ತಿಂಗಳಿಗೊಂದು, ವರ್ಷಕ್ಕೆ 12. ಅದನ್ನು ಪ್ರಶ್ನಿಸಿ ಹೈಕೋರ್ಟ್‌ಗೂ ಹೋಗಿದ್ದಾರೆ. ಹಾಗಾಗಿ ನಿಮ್ಮ ಕಂಪನಿಯ ರಜೆ ನೀತಿಯಲ್ಲಿ ಅದು ಸೇರಿದೆಯೇ ಎಂದು ನೋಡಿಕೊಳ್ಳಿ. ರಾತ್ರಿ ಪಾಳಿಯ ಮಹಿಳೆಯರಿಗೆ ಮನೆವರೆಗೆ ವಾಹನ ಕೊಡುವುದು ಕಂಪನಿಯ ಔದಾರ್ಯವಲ್ಲ, ರಾತ್ರಿ ದುಡಿಸಲು ಅನುಮತಿ ಸಿಗುವುದೇ ಆ ಷರತ್ತಿನ ಮೇಲೆ.

ಊಟದ ಕಾರ್ಡ್, ಫೋನ್ ಬಿಲ್, ಪೆಟ್ರೋಲ್, ಜಿಮ್ ಇತ್ಯಾದಿ ಮಿಂಚುವ ಪಟ್ಟಿಗೆ ಹೆಚ್ಚು ಮರುಳಾಗಬೇಡಿ. ಇವುಗಳಲ್ಲಿ ಹಲವು ನಿಮ್ಮದೇ ಸಿಟಿಸಿಯ ತುಂಡುಗಳು, ತೆರಿಗೆ ಲಾಭವಿದೆಯೇ ಎಂಬುದು ನೀವು ಆರಿಸಿಕೊಂಡದ್ದು ಆದಾಯ ತೆರಿಗೆಯ ಹಳೆಯ ಪದ್ಧತಿಯೋ ಹೊಸದೋ ಎಂಬುದರ ಮೇಲೆ ನಿಂತಿದೆ. ಹೊಸ ಪದ್ಧತಿಯಲ್ಲೂ ಉಳಿದಿರುವ ಗಟ್ಟಿ ಲಾಭ ಕಂಪನಿ ಮೂಲಕ ಕಟ್ಟುವ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ): ಬೇಸಿಕ್‌ನ ಶೇ 14ರವರೆಗೆ ತೆರಿಗೆ ಇಲ್ಲ. ಆದರೆ ಬೇಕೆಂದಾಗ ಕೈಗೆ ಸಿಗುವ ಹಣ ಅದಲ್ಲ. ಮನೆ ಕಟ್ಟುವ ಯೋಚನೆ ಇರುವವರು ಪೂರ್ತಿ ಶೇ 14 ಹಾಕುವ ಮುಂಚೆ ಎರಡು ಸಲ ಯೋಚಿಸಲಿ. ಪೇ ಸ್ಲಿಪ್‌ನಲ್ಲಿ ವರ್ಷಕ್ಕೊಮ್ಮೆ ಕಾಣುವ 50 ರೂಪಾಯಿಯ ಕಡಿತ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿಗೆ ಹೋಗುವಂಥದ್ದು. ಆ ಮಂಡಳಿ ಕಾರ್ಮಿಕರ ಮಕ್ಕಳ ಓದಿಗೆ ಧನಸಹಾಯ ಕೊಡುತ್ತದೆ. ಮಕ್ಕಳಿರುವವರು ವರ್ಷವೂ ಅರ್ಜಿಯ ಪ್ರಕಟಣೆ ಗಮನಿಸಿ.

ಕೊನೆಯ ಹಂತ: ಬಿಡುವಾಗ

ರಾಜೀನಾಮೆ ಇಮೇಲ್ ಕಳಿಸುವ ಮುಂಚೆ, ಕಳಿಸಿದ ಮೇಲಲ್ಲ, ಈ ಕೆಲಸಗಳು ಮುಗಿದಿರಲಿ. ಎಲ್ಲ ಪೇ ಸ್ಲಿಪ್, ಫಾರ್ಮ್ 16, ರಜೆಯ ಬಾಕಿ ತೋರಿಸುವ ಪುಟ ಇವನ್ನು ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಕೊನೆಯ ದಿನ ಸಂಜೆ ಆರಕ್ಕೆ ಲಾಗಿನ್ ಮುಚ್ಚುತ್ತದೆ. ಪಿಎಫ್, ವಿಮೆ, ಬ್ಯಾಂಕುಗಳಲ್ಲಿ ಆಫೀಸಿನ ಇಮೇಲ್ ಕೊಟ್ಟಿದ್ದರೆ ಸ್ವಂತದ್ದಕ್ಕೆ ಬದಲಿಸಿ. ಸೇರುವಾಗ ಕೊಟ್ಟ ಬೋನಸ್ ವಾಪಸ್ ಕೊಡಬೇಕಾದ ಅವಧಿ ಮುಗಿದಿದೆಯೇ ನೋಡಿ, ಹತ್ತು ದಿನದ ವ್ಯತ್ಯಾಸಕ್ಕೆ ಪೂರ್ತಿ ಹಣ ಹಿಂದಕ್ಕೆ ಕೇಳುತ್ತಾರೆ. ಇಸಾಪ್ (ಕಂಪನಿಯ ಷೇರು ಕೊಳ್ಳಲು ನೌಕರರಿಗೆ ಕೊಡುವ ಹಕ್ಕು) ಇರುವವರು ಬಿಟ್ಟ ಮೇಲೆ ಷೇರು ಕೊಳ್ಳಲು ಎಷ್ಟು ದಿನವಿದೆ ಎಂದು ಕರಾರಿನಲ್ಲಿ ಓದಿ. ಹಲವೆಡೆ 90 ದಿನ ಮಾತ್ರ, ಮತ್ತು ಕೊಂಡ ಕೂಡಲೇ, ಮಾರದಿದ್ದರೂ, ತೆರಿಗೆ ಬೀಳುತ್ತದೆ.

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಬಾಕಿ ಇದ್ದರೆ ಕೊನೆಯ ದಿನಕ್ಕೆ ಮುಂಚೆ ಮಾಡಿಸಿ, ಏಕೆಂದರೆ ವಿಮೆ ಸಾಮಾನ್ಯವಾಗಿ ಆ ರಾತ್ರಿಗೇ ಕೊನೆ. ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು, ಈಗಾಗಲೇ ಕಾದ ಅವಧಿಯ ಲೆಕ್ಕ ಉಳಿಸಿಕೊಳ್ಳಲು ಅರ್ಜಿಯನ್ನು ನೋಟಿಸ್ ಅವಧಿಯಲ್ಲೇ ಹಾಕಿ.

ಅಂತಿಮ ಲೆಕ್ಕವನ್ನು ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. 45 ದಿನ ಎಂಬ ಹಳೆಯ ಮಾತನ್ನೇ ಹೇಳಿದರೆ ಇದನ್ನು ನೆನಪಿಸಿ. ಆ ಹಾಳೆಯಲ್ಲಿ ಕೂಡಿಟ್ಟ ಗಳಿಕೆ ರಜೆಯ ಹಣ ಬಂದಿದೆಯೇ, ಯಾವ ದರದಲ್ಲಿ ಎಂದು ಪರೀಕ್ಷಿಸಿ. ಖಾಸಗಿ ನೌಕರರಿಗೆ ಈ ರಜೆ ಹಣಕ್ಕೆ ಇಡೀ ಸೇವಾ ಜೀವನದಲ್ಲಿ ಒಟ್ಟು 25 ಲಕ್ಷದವರೆಗೆ ತೆರಿಗೆ ವಿನಾಯಿತಿ ಉಂಟು.

ಎರಡು ತಿಂಗಳ ನಂತರ ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಿ. ಹಳೆಯ ಕಂಪನಿ ಹಾಕಿರದಿದ್ದರೆ ಕೊನೆಯ ವಂತಿಗೆಯಿಂದ ಎರಡು ತಿಂಗಳಾದ ಮೇಲೆ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಕೊನೆಯ ವಂತಿಗೆಯ ತಿಂಗಳೊಳಗಿನ ದಿನಾಂಕವನ್ನೇ ಹಾಕಿ, ಹೊಸ ಕೆಲಸಕ್ಕೆ ಸೇರಿದ ದಿನಕ್ಕಿಂತ ಅದು ಮುಂಚಿನದಾಗಿರಲಿ, ಎರಡೂ ಒಂದರ ಮೇಲೊಂದು ಬಿದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಸಂಬಳದ ಖಾತೆಯೂ ಅಷ್ಟರಲ್ಲಿ ಸದ್ದಿಲ್ಲದೆ ಸಾಮಾನ್ಯ ಉಳಿತಾಯ ಖಾತೆಯಾಗಿ, ಕನಿಷ್ಠ ಬಾಕಿ ಇಲ್ಲವೆಂದು ದಂಡ ಶುರುವಾಗಿರಬಹುದು. ಪಿಎಫ್‌ಗೆ ಜೋಡಿಸಿರುವುದು ಅದೇ ಖಾತೆಯಾದರೆ, ಹೊಸ ಖಾತೆಯನ್ನು ಕೆವೈಸಿಯಲ್ಲಿ ಜೋಡಿಸಿ ಒಪ್ಪಿಗೆ ಬಂದ ಮೇಲಷ್ಟೇ ಹಳೆಯದನ್ನು ಮುಚ್ಚಿ.